ಚೀಟಿಯ ಹಿಂಬದಿ

ತರೀಕೆರೆ
೫ ಫೆಬ್ರವರಿ ೨೦೨೪

ಪ್ರೀತಿಯ ದೀಪಶ್ರೀ,

ಒಂದು ವಾರದಿಂದ ನಿನಗೆ ಫೋನ್ ಮಾಡುತ್ತಲೇ ಇದ್ದೇನೆ. ಮೊದಲೆರಡು ದಿನ ರಿಂಗಾಗಿ ನಿಲ್ಲುತ್ತಿತ್ತು, ಆಮೇಲೆ ಸ್ವಿಚ್ ಆಫ್. ನಿನ್ನೆ ನಿಮ್ಮ ತಾಯಿಗೆ ಮಾಡಿದೆ. "ಅವ್ಳ್ಗೆ ಮಾತೇ ಬತ್ತಿಲ್ಲ ಕಣ್ರೀ ಮೇಡಂ. ಬಾಯಿ ತೆಗೀತಾಳೆ, ಬರೀ ಗಾಳಿ ಬತ್ತದೆ. ಫೋನ್ ಬೀರೂಲಿಟ್ಟು ಬೀಗ ಹಾಕ್ಬಿಟ್ಟವ್ಳೆ" ಅಂದರು ಸಾವಿತ್ರಮ್ಮ. ಈ ಮೂರು ತಾಲ್ಲೂಕಿನಲ್ಲಿ 'ನಿರೂಪಣೆ: ದೀಪಶ್ರೀ, ಬೀರೂರು' ಎಂದು ಅಚ್ಚಾಗದ ಕರೆಯೋಲೆ ಅಪರೂಪ. ಆ ಗಂಟಲಿಗೆ ಹೀಗಾಯಿತೇ? ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ವಿಷಯವನ್ನು ನಾನೇ ತಿಳಿಸಬೇಕು. ನಿನ್ನೆ ಕಡೂರಿನಲ್ಲಿ ನಮ್ಮ ವೃತ್ತಿ ಮಾತುಗಾರರ ಸಂಘದ ಕಾರ್ಯಕಾರಿ ಸಮಿತಿ ಸೇರಿತ್ತು. ಅಜ್ಜಂಪುರದ ಹಾಲು ಒಕ್ಕೂಟದ ಸಮಾರಂಭದಲ್ಲಿ ಸನ್ಮಾನಕ್ಕೆ ನಿಂತ ಹೆಂಗಸಿಗೆ ಅವಳ ಗಂಡ ತೀರಿಕೊಂಡ ಸುದ್ದಿಯನ್ನು ಮೈಕಿನಲ್ಲಿ ಹೇಳಿದ್ದು ವೃತ್ತಿಗೆ ಕಳಂಕ ಎಂದು ಎಲ್ಲರೂ ಒಂದೇ ಮಾತಾಡಿದರು. ಆ ವಿಡಿಯೋ ಎಲ್ಲರ ಫೋನಿನಲ್ಲೂ ಇದೆ. ನಿರೂಪಕರು, ಹರಿಕಥೆ ದಾಸರು, ಕಬಡ್ಡಿ ವೀಕ್ಷಕ ವಿವರಣೆಯವರು, ಆಟೋ ಮೈಕಿನವರು, ಎಲ್ಲರಿಗೂ ಇದರಿಂದ ತಲೆತಗ್ಗಿಸುವಂತಾಗಿದೆ ಅಂದರು. ನಿನ್ನನ್ನು ಆರು ತಿಂಗಳು ಅಮಾನತಿನಲ್ಲಿ ಇಡಲಾಗಿದೆ. ಅಧ್ಯಕ್ಷೆಯ ಸಹಿ ನನ್ನದೇ.

ಕಾರ್ಯದರ್ಶಿ ಪ್ರಸನ್ನಕುಮಾರ್ ಒಂದು ಮಾತು ಕೇಳಿದರು. ನಿನಗೆ ವೇದಿಕೆಯ ಮೇಲೆ ಬಂದ ಚೀಟಿ ಎಲ್ಲಿದೆ, ಅದನ್ನು ಬರೆದವರು ಯಾರು ಎಂದು. ಅದು ನಿನ್ನ ಹತ್ತಿರ ಇದೆಯೇ?

ಆರೋಗ್ಯ ನೋಡಿಕೋ. ಬಿಸಿನೀರು ಕುಡಿ.

ನಿನ್ನ
ಶಾರದಾಂಬಾ


ಬೀರೂರು
೧೪ ಫೆಬ್ರವರಿ ೨೦೨೪

ಪೂಜ್ಯ ಮೇಡಂ,

ನಿಮ್ಮ ಕಾಗದ ತಲುಪಿತು. ಶಿವಮೊಗ್ಗದ ಡಾಕ್ಟರು ಗಂಟಲಿಗೆ ಕೊಳವೆ ಇಳಿಸಿ ನೋಡಿದರು. ಧ್ವನಿಪೆಟ್ಟಿಗೆಗೆ ಏನೂ ಆಗಿಲ್ಲವಂತೆ. "ಆಘಾತಕ್ಕೆ ಹೀಗಾಗುತ್ತಮ್ಮ, ತಾನಾಗೇ ಬರಬೇಕು" ಅಂದರು. ಯಾವಾಗ ಎಂದು ಕಾಗದದ ಮೇಲೆ ಬರೆದು ಕೇಳಿದೆ. ಅವರು ಭುಜ ಕುಣಿಸಿದರು.

ಸಮಿತಿಯವರು ನನ್ನನ್ನು ಕರೆಸಿ ಕೇಳಲಿಲ್ಲ. ಆದ್ದರಿಂದ ನಿಮಗಾದರೂ ಬರೆಯುತ್ತೇನೆ.

ಅವತ್ತು ಬೆಳಗಿನಿಂದ ಚೀಟಿಗಳು ಬರುತ್ತಲೇ ಇದ್ದವು. ಬಿಳಿ ಕಾರು ದಾರಿಗೆ ಅಡ್ಡ ಇದೆ, ತೆಗೆಯಿರಿ. ಮಗುವಿನ ಕಾಲ್ಗೆಜ್ಜೆ ಸಿಕ್ಕಿದೆ. ಊಟದ ಎರಡನೇ ಪಂಕ್ತಿ ಶುರುವಾಗಿದೆ. ಚೀಟಿ ಕೈಗೆ ಬಂದೊಡನೆ ಎಲ್ಲೂ ತಡೆಯದೆ ಓದುವುದು ನನ್ನ ಹೆಮ್ಮೆ. ಕಣ್ಣು ಮುಂದೆ ಓಡುತ್ತದೆ, ಬಾಯಿ ಹಿಂದೆ ಬರುತ್ತದೆ. ಹನ್ನೊಂದು ವರ್ಷದಿಂದ ಅದನ್ನೇ ಮಾರಿ ಬದುಕಿದ್ದೇನೆ.

ಕರಿಯಮ್ಮನವರಿಗೆ ಶಾಲು ಹೊದಿಸಿ, ಹಾರ ಹಾಕಿ ಆಗಿತ್ತು. ಅವರು ನನ್ನಿಂದ ಎರಡು ಮಾರು ದೂರದಲ್ಲಿ ಹಣ್ಣಿನ ಬುಟ್ಟಿ ಹಿಡಿದು ನಿಂತಿದ್ದರು. ಆಗ ಚೀಟಿ ಬಂತು. 'ದೇವನೂರು ಕಡೆಯ ಕರಿಯಮ್ಮನವರ ಯಜಮಾನರಾದ ಮುನಿಯಪ್ಪನವರು ಇದೀಗ ಕಡೂರು ಬಸ್ ನಿಲ್ದಾಣದಲ್ಲಿ ಹೃದಯಾಘಾತದಿಂದ ತೀರಿಕೊಂಡರು.'

ಮೇಡಂ, ಯಾರಿಗೂ ಹೇಳದ್ದನ್ನು ಬರೆಯುತ್ತಿದ್ದೇನೆ. 'ಯಜಮಾನರಾದ' ಎನ್ನುವ ಹೊತ್ತಿಗೆ ನನಗೆ ಗೊತ್ತಾಗಿತ್ತು. ಪಕ್ಕದಲ್ಲಿ ನಿಂತಿರುವುದು ಇವರೇ ಎಂದು ಗೊತ್ತಾಗಿತ್ತು. ನಿಲ್ಲಿಸಬೇಕು ಅನ್ನಿಸಿತು. ಬಾಯಿ ನಿಲ್ಲಲಿಲ್ಲ. 'ತೀರಿಕೊಂಡರು' ಎಂಬಲ್ಲಿ ದನಿಯನ್ನು ಎಷ್ಟು ತಗ್ಗಿಸಬೇಕೋ ಅಷ್ಟು ತಗ್ಗಿಸಿದೆ. ಅಷ್ಟೇ ಅಲ್ಲ. "ಮೃತರ ಆತ್ಮಕ್ಕೆ ಶಾಂತಿ ಕೋರಿ ಎಲ್ಲರೂ ಎದ್ದುನಿಂತು ಒಂದು ನಿಮಿಷ ಮೌನ ಆಚರಿಸಬೇಕಾಗಿ ವಿನಂತಿ" ಎಂದೆ. ಅದು ಚೀಟಿಯಲ್ಲಿ ಇರಲೇ ಇಲ್ಲ. ಅಭ್ಯಾಸಬಲದಿಂದ ಬಂತು. ಆರುನೂರು ಜನ ಎದ್ದರು. ಆ ಮೌನದಲ್ಲಿ ಬುಟ್ಟಿ ಬಿದ್ದ ಸದ್ದು ಕೇಳಿಸಿತು. ಆಮೇಲೆ ಅವರ ಕೂಗು. ಮೈಕು ಆನ್ ಇತ್ತು, ಹೊರಗೆ ರಸ್ತೆಯವರೆಗೂ ಕೇಳಿಸಿತಂತೆ.

ಆಗ ಚೀಟಿ ತಿರುಗಿಸಿದೆ. ಹಿಂದೆ ಎರಡು ಸಾಲು ಇತ್ತು. 'ಮೈಕಿನಲ್ಲಿ ಹೇಳಬೇಡ. ಏನಾದರೂ ನೆಪ ಹೇಳಿ ಅವರನ್ನು ಕೆಳಗೆ ಕಳಿಸು.'

ಆಮೇಲೆ ನನ್ನ ಬಾಯಿಂದ ಏನೂ ಬಂದಿಲ್ಲ.

ಚೀಟಿ ಕಳೆದುಹೋಯಿತು ಎಂದು ಪ್ರಸನ್ನಕುಮಾರ್ ಅವರಿಗೆ ತಿಳಿಸಿ. ಬರೆದವರು ಯಾರೆಂದು ನನಗೆ ತಿಳಿಯದು ಎಂದೂ ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಲಿ.

ನಿಮ್ಮ ವಿದ್ಯಾರ್ಥಿನಿ
ದೀಪಶ್ರೀ


ತರೀಕೆರೆ
೧೦ ಮಾರ್ಚ್ ೨೦೨೪

ದೀಪಾ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ.

ಆ ಚೀಟಿ ಬರೆದದ್ದು ನಾನು.

ನಾನು ಅತಿಥಿಗಳ ಸಾಲಿನಲ್ಲಿ ಕೂತಿದ್ದೆ. ಒಕ್ಕೂಟದ ಹೆಣ್ಣುಮಗಳೊಬ್ಬಳು ಫೋನ್ ಹಿಡಿದುಕೊಂಡು ಓಡಿ ಬಂದಳು. "ಮೇಡಂ, ನಂಗೆ ಕೈ ನಡುಗ್ತೈತೆ, ನೀವೇ ಬರ್ದುಕೊಡಿ" ಅಂದಳು. ಕೈಚೀಲದಲ್ಲಿ ಸಿಕ್ಕಿದ್ದು ಅಂಗೈಯಗಲದ ಕಾಗದ. ಮೊದಲು ಸುದ್ದಿ ಬರೆದೆ. ಜಾಗ ಮುಗಿಯಿತು. ಮಗುಚಿ, ಮಾಡಬೇಕಾದ್ದನ್ನು ಬರೆದೆ. ಕೆಳಗೆ 'ಪುಟ ತಿರುಗಿಸಿ' ಎಂಬ ಎರಡು ಪದ ಬರೆಯಲಿಲ್ಲ. ಮೂವತ್ತನಾಲ್ಕು ವರ್ಷ ಟೀಚರಾಗಿದ್ದವಳು, ಹೇಳಬಾರದ್ದನ್ನು ಮುಂದೆ ಬರೆದು 'ಹೇಳಬೇಡ' ಎಂಬುದನ್ನು ಹಿಂದೆ ಬರೆದೆ.

ನೀನು ಓದಲು ಶುರುಮಾಡಿದಾಗ ಎದ್ದು ನಿಂತೆ. ಕೂಗಬೇಕಿತ್ತು. ಕೂಗಲಿಲ್ಲ. ಸಭೆಯಲ್ಲಿ ಕೂಗುವುದು ಅಸಭ್ಯ ಎಂಬ ಅಭ್ಯಾಸವೋ ಏನೋ, ಕೈ ಮಾತ್ರ ಎತ್ತಿದೆ. ನೀನು ನೋಡಲಿಲ್ಲ. ಆಮೇಲೆ ಮೌನ ಆಚರಿಸಲು ನಿಂತ ಆರುನೂರು ಜನರಲ್ಲಿ ನಾನೂ ಒಬ್ಬಳಾದೆ.

ಸಮಿತಿಯಲ್ಲಿ ಪ್ರಸನ್ನಕುಮಾರ್ "ಆ ಚೀಟಿ ಬರ್ದೋರ್ ಸಿಕ್ಕಿದ್ರೆ ಅವ್ರಿಗೂ ಒಂದ್ ಗತಿ ಕಾಣ್ಸಬೇಕು" ಅಂದಾಗ ನನ್ನ ಎದುರು ಕಾಫಿ ಲೋಟ ಇತ್ತು. ಅದನ್ನೇ ನೋಡುತ್ತಾ ಕೂತೆ. ಎಂಟು ವರ್ಷದ ಹಿಂದೆ ಈ ಸಂಘ ಕಟ್ಟುವಾಗ, ಮಾತಿಗೆ ಜವಾಬ್ದಾರಿ ಬೇಕು ಎಂದು ಭಾಷಣ ಮಾಡಿದವಳು ನಾನು. ನನಗೆ ಹೆದರಿಕೆಯಾಯಿತು, ದೀಪಾ. ಬೀದಿಯಲ್ಲಿ ಕಂಡರೆ ಕೈಮುಗಿಯುವ ಜನ ನಾಳೆ ಹೇಗೆ ನೋಡುತ್ತಾರೋ ಎಂಬ ಹೆದರಿಕೆ. ಹಾಗೆ ಸಹಿ ಹಾಕಿಬಿಟ್ಟೆ.

ನಿನ್ನ ಕಾಗದ ಓದಿದ ಮೇಲೆ ಮಲಗಿದರೆ ಆ ಬುಟ್ಟಿ ಬಿದ್ದ ಸದ್ದೇ ಕೇಳಿಸುತ್ತದೆ.

ಶಾರದಾಂಬಾ


ಬೀರೂರು
೧೮ ಮಾರ್ಚ್ ೨೦೨೪

ಮೇಡಂ,

ಎಂಟನೇ ತರಗತಿಯಿಂದ ನನ್ನ ಪ್ರಬಂಧಗಳನ್ನು ತಿದ್ದಿದ ಅಕ್ಷರ ನನಗೆ ಗೊತ್ತಾಗುವುದಿಲ್ಲವೇ? ಓದುವ ಭರದಲ್ಲಿ ಗಮನಿಸಿರಲಿಲ್ಲ, ವೇದಿಕೆಯ ಮೇಲೆ ಚೀಟಿ ತಿರುಗಿಸಿದಾಗಲೇ ಗೊತ್ತಾಯಿತು.

ಚೀಟಿ ಕಳೆದಿಲ್ಲ. ನನ್ನ ಹತ್ತಿರವೇ ಇದೆ. ನೀವಾಗಿ ಹೇಳಲಿ ಎಂದು ಕಾದೆ. 'ಅದು ನಿನ್ನ ಹತ್ತಿರ ಇದೆಯೇ' ಎಂದು ನೀವು ಕೇಳಿದಿರಲ್ಲ, ಆ ಸಾಲು ಓದಿದಾಗ ಅಜ್ಜಂಪುರದ ವೇದಿಕೆಯ ಮೇಲೆ ಆದದ್ದಕ್ಕಿಂತ ಹೆಚ್ಚು ದಿಗಿಲಾಯಿತು. ಅಲ್ಲಿ ನನ್ನ ಬಾಯಿ ನನಗೆ ಮೋಸ ಮಾಡಿತು. ಇಲ್ಲಿ ನೀವು.

ಓದಿದ್ದು ನಾನೇ. ಮೌನಾಚರಣೆ ಸೇರಿಸಿದ್ದೂ ನಾನೇ. ನನ್ನ ತಪ್ಪನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ಆದರೆ ನನ್ನೊಬ್ಬಳನ್ನೇ ಅಲ್ಲಿ ನಿಲ್ಲಿಸಿದಿರಿ.

ಸದ್ಯಕ್ಕೆ ಕಾಗದ ಬರೆಯಬೇಡಿ.

ದೀಪಶ್ರೀ


ತರೀಕೆರೆ
೧೨ ಜೂನ್ ೨೦೨೪

ದೀಪಶ್ರೀ,

ಬರೆಯಬೇಡಿ ಎಂದು ನೀನು ಹೇಳಿದ್ದೆ. ಮೂರು ತಿಂಗಳು ಬರೆಯಲಿಲ್ಲ. ಇದರೊಳಗೆ ಇಟ್ಟಿರುವ ಕಾಗದ ನಿನ್ನದು, ಆದ್ದರಿಂದ ಕಳಿಸಲೇಬೇಕು. ಸಂಘದ ವಿಳಾಸಕ್ಕೆ ಬಂತು. ಮೇಲೆ 'ಮೈಕಿನ ಅಮ್ಮನಿಗೆ' ಎಂದು ಬರೆದಿತ್ತು. ನಾನು ಒಡೆದು ಓದಿದೆ, ಕ್ಷಮಿಸು.

ಇನ್ನೊಂದು. ಜೂನ್ ಎರಡರಂದು ಸರ್ವಸದಸ್ಯರ ಸಭೆಯಲ್ಲಿ ನಾನು ಎದ್ದುನಿಂತು ಚೀಟಿ ನನ್ನದೆಂದು ಹೇಳಿದೆ. ಮಾತೇ ಕಸುಬಾದ ನಲವತ್ತೊಂದು ಜನ ಬಾಯಿ ತೆರೆದುಕೊಂಡು ಕೂತಿದ್ದರು. ಕೊನೆಗೆ ಆಟೋ ಮೈಕಿನ ಕಲ್ಲೇಶಪ್ಪ, "ಏನ್ ಮೇಡಮ್ಮೋರೇ, ಆ ಹುಡ್ಗಿ ಮೂಗಿ ಆಗಿ ಕುಂತೈತೆ, ನೀವ್ ಇಷ್ಟ್ ದಿನ ಸುಮ್ಕಿದ್ರಾ?" ಅಂದ. ಅಧ್ಯಕ್ಷ ಸ್ಥಾನ ಬಿಟ್ಟಿದ್ದೇನೆ. ನಿನ್ನ ಅಮಾನತು ರದ್ದಾಗಿದೆ.

ಶಾರದಾಂಬಾ


(ಒಳಗಿದ್ದ ಕಾಗದ)

ದೇವನೂರು ಹೋಬಳಿ
೩೧ ಮೇ ೨೦೨೪

ಮೈಕಲ್ಲಿ ಮಾತಾಡ್ದ ಅಮ್ಮಯ್ಯಂಗೆ ಕರಿಯಮ್ಮ ಮಾಡುವ ನಮಸ್ಕಾರ. ಅಮ್ಮ ಹೇಳಿದಂತೆಯೇ ಬರೆಯುತ್ತಿರುವವಳು ಮಗಳು ಸುಮನಾ.

ನಂಗೆ ನಿನ್ ಮ್ಯಾಲೆ ಸಿಟ್ಟಿಲ್ಲ ಅಂತ ಹೇಳಾಕಾಗಲ್ಲ. ಐತೆ. ನೀನು ಹೇಳ್ದಾಗ ನನ್ ಎದೆ ಒಡ್ದೋಯ್ತು. ಆದ್ರೆ ಇನ್ನೊಂದ್ ಮಾತೈತೆ, ಅದ್ನ ಯಾರ್ಗೂ ಹೇಳಿಲ್ಲ.

ಅವತ್ತು ನನ್ನ ಕಾರಲ್ಲಿ ಕೂರ್ಸ್ಕಂಡ್ರು. ಆ ಕಡೆ ಈ ಕಡೆ ಇಬ್ರು. "ಆ ಯಮ್ಮ ತೆಪ್ಪು ಓದ್ಬಿಟ್ಟೈತೆ ಕಣಕ್ಕಾ, ನಿನ್ ಯಜಮಾನ ಆಸ್ಪತ್ರೇಲವ್ನೆ, ಗ್ಲೂಕೋಸ್ ಹಾಕವ್ರೆ" ಅಂದ್ರು. ನಾನು ನಂಬ್ದೆ. ಯಾಕ್ ನಂಬಲ್ಲ ಹೇಳು. ದೇವ್ರೇ, ತೆಪ್ಪಾಗಿರ್ಲಿ ಅಂತ ಹರಕೆ ಹೊತ್ಕಂಡೆ. ನಿನ್ನ ಬಾಯಿಗೆ ಬಂದಂಗೆ ಬೈದೆ. ಬೀರೂರ್ ದಾಟ್ತು, ಕಡೂರ್ ಬಂತು. ಆಸ್ಪತ್ರೆ ತಾವ ಕಾರು ನಿಲ್ಲುತ್ತೆ ಅಂತ ಬಾಗ್ಲಿಗೆ ಕೈ ಹಾಕಿದ್ದೆ. ನಿಲ್ಲಿಸ್ಲೇ ಇಲ್ಲ. ಸೀದಾ ಊರಿನ್ ದಾರಿ ಹಿಡೀತು. ಆಗ ಗೊತ್ತಾಯ್ತು. ಅವ್ನು ನಂಗೆ ಎಲ್ಡ್ ಸಲ ಸತ್ತ ಕಣಮ್ಮ. ಎಲ್ಡನೇದು ಜಾಸ್ತಿ ನೋವಾಯ್ತು. ಅವರು ಒಳ್ಳೇದಕ್ಕೇ ಹೇಳಿದ್ರು ಅಂತಾರೆ ಎಲ್ರೂ. ಇರ್ಬೌದು. ನಿಜ ಹೇಳಿದ್ದು ನೀನೊಬ್ಳೇ, ಅದೂ ಹೇಳಬಾರದ ಕಡೆ.

ಈಗ ನಾನು ಬರ್ಸ್ತಿರೋದು ಯಾಕೆ ಅಂದ್ರೆ ಆ ವಿಡಿಯೋ. ಸುಮನಾಗೆ ಕಾಲೇಜಲ್ಲಿ ಯಾರೋ ತೋರ್ಸವ್ರೆ. ನಾನು ಎದೆ ಬಡ್ಕಳದು, ಸೀರೆ ಜಾರಿರೋದು ಎಲ್ಲಾ ಐತಂತೆ. ಕೆಳಗೆ ನಗೋ ಬೊಂಬೆ ಹಾಕವ್ರಂತೆ. ಡೇರಿಗೆ ಹಾಲ್ ಹಾಕಾಕ್ ಹೋದ್ರೆ ಜನ ನನ್ ಮುಖ ನೋಡ್ತಾರೆ, ಆಮೇಲ್ ಫೋನ್ ನೋಡ್ತಾರೆ. ನಿಮ್ದೊಂದ್ ಸಂಘ ಐತಂತೆ, ಮಾತಾಡೋರ್ದು. ನೀವ್ ಹೇಳಿದ್ರೆ ಜನ ಕೇಳ್ತಾರೆ. ಅಳ್ಸಾಕ್ ಹೇಳ್ರಿ.

ಇಂತಿ
ಕರಿಯಮ್ಮ (ಹೆಬ್ಬೆಟ್ಟಿನ ಗುರುತು)


ಬೀರೂರು
೨೧ ಜುಲೈ ೨೦೨೪

ಮೇಡಂ,

ಕರಿಯಮ್ಮನವರ ಕಾಗದ ಓದಿ ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಬೀರುವಿನ ಬೀಗ ತೆಗೆದು ಫೋನ್ ಹೊರಗಿಟ್ಟೆ. ಮಾತು ಬರದಿದ್ದರೂ ಕಡೂರಿಗೆ ಹೋಗಿ ಪ್ರಸನ್ನಕುಮಾರ್ ಕೈಗೆ ಆ ಕಾಗದ ಕೊಟ್ಟೆ. ಅವರು ಓದಿ, ಜೇಬಿಗೆ ಕೈ ಹಾಕಿದರು. ಅವರ ಫೋನಿನಲ್ಲೂ ಆ ವಿಡಿಯೋ ಇತ್ತು. ನನ್ನೆದುರೇ ಅಳಿಸಿದರು.

ಸಭೆ ಕರೆದರು. ನೀವು ಬಂದಿರಲಿಲ್ಲ. ಮೂರು ತಾಲ್ಲೂಕಿನಲ್ಲೂ ಆಟೋದಲ್ಲಿ ಮೈಕು ಕಟ್ಟಿ ಸಾರಿಬಿಡೋಣ ಎಂದು ಪ್ರಸನ್ನಕುಮಾರ್ ಹೊರಟರು. ಕಲ್ಲೇಶಪ್ಪ ತಡೆದರು. "ಸ್ವಾಮಿ, ಮೈಕಲ್ಲಿ 'ಅದ್ನ ನೋಡ್ಬ್ಯಾಡಿ' ಅಂದ್ರೆ, ಗೊತ್ತಿಲ್ದೋನೂ ಹುಡಿಕ್ಯಂಡ್ ನೋಡ್ತಾನೆ. ಮೂವತ್ ವರ್ಷ ಕೂಗಿದೀನಿ, ಜನ ನಂಗೊತ್ತು. ಮೈಕ್ ಬ್ಯಾಡ. ಒಬ್ಬೊಬ್ರ ಕಿವೀಲಿ ಹೇಳ್ಬೇಕು." ಎಲ್ಲರಿಗೂ ಅದು ಸರಿ ಅನ್ನಿಸಿತು. ಪಂಚನಹಳ್ಳಿ ಕಡೆ ಕಲ್ಲೇಶಪ್ಪ, ಕಡೂರು ಪೇಟೆಗೆ ಪ್ರಸನ್ನಕುಮಾರ್, ಹೀಗೆ ಬೀದಿಬೀದಿ ಹಂಚಿಕೊಂಡರು. ನಾನು ಬೀರೂರು ಎಂದು ಬರೆದು ತೋರಿಸಿದೆ.

ಒಂದು ನೋಟ್‌ಬುಕ್ ಹಿಡಿದು ಹೊರಟೆ. 'ಅಜ್ಜಂಪುರದ ಸನ್ಮಾನದ ವಿಡಿಯೋ ನಿಮ್ಮಲ್ಲಿದ್ದರೆ ದಯವಿಟ್ಟು ಅಳಿಸಿ, ಆ ತಾಯಿ ಕೇಳಿಕೊಂಡಿದ್ದಾರೆ' ಎಂದು ಬರೆದುಕೊಂಡಿದ್ದೆ. ಸ್ಟೇಷನ್ ರಸ್ತೆಯಲ್ಲಿ ಮೊಬೈಲ್ ರಿಪೇರಿ ಅಂಗಡಿಯವರು ಅದನ್ನು ಓದಿದರು. ನನಗಿಂತ ದೊಡ್ಡವರು, ತಲೆ ನರೆತಿದೆ. ನನ್ನ ಗುರುತು ಹತ್ತಲಿಲ್ಲ. "ಇದಾ ತಾಯಿ? ಭಾರೀ ಓಡಿತ್ತು ಇದು" ಎಂದು ಕೌಂಟರಿನ ಮೇಲೆ ಫೋನ್ ಇಟ್ಟು ಹಾಕಿಯೇ ಬಿಟ್ಟರು.

ನಾನು ಅದನ್ನು ಅಲ್ಲಿಯವರೆಗೆ ನೋಡಿರಲಿಲ್ಲ.

ನನ್ನ ದನಿ ಬಂತು. ಎಷ್ಟು ಸ್ಪಷ್ಟ, ಎಷ್ಟು ನಯ. ಒಂದು ಅಕ್ಷರವೂ ತಪ್ಪಿಲ್ಲ. ಕರಿಯಮ್ಮನವರು ಮೊದಲು ನಗುತ್ತಲೇ ಇದ್ದಾರೆ, ತಮ್ಮ ಹೆಸರು ಬಂತಲ್ಲ ಎಂದು. ಮುಂದಿನದು ಬರುವ ಮೊದಲೇ "ನಿಲ್ಸಿ" ಎಂದು ಯಾರೋ ಕೂಗಿದರು. ಅಂಗಡಿಯವರು ಗಾಬರಿಯಾಗಿ ನನ್ನ ಮುಖ ನೋಡಿದರು. ಕೂಗಿದ್ದು ನಾನು. ದನಿ ಒಡೆದ ಮಡಕೆಯ ಹಾಗಿತ್ತು. "ನಿಲ್ಸಿ ಅಣ್ಣಾ, ಅದು ನಾನು" ಅಂದೆ. ಅವರು ನಿಲ್ಲಿಸಿ, ಸ್ಟೂಲು ಎಳೆದು ಕೂರಿಸಿ, ನೀರು ಕೊಟ್ಟರು. ಅಳಿಸಿದರು. ಆಮೇಲೆ ಅಂಗಡಿ ಬಾಗಿಲು ಹಾಕಿ, ಆ ರಸ್ತೆಯುದ್ದಕ್ಕೂ ನನ್ನ ಜೊತೆ ಬಂದರು.

ದನಿ ಪೂರ್ತಿ ಮರಳಿಲ್ಲ. ನಾಲ್ಕು ಮಾತಾಡಿದರೆ ಮುಗಿಯುತ್ತದೆ. ಅಮ್ಮ "ಅಷ್ಟೇ ಸಾಕ್ ಬಿಡೇ, ನಿಂದ್ ಮೊದ್ಲೂ ಜಾಸ್ತಿನೇ ಆಗಿತ್ತು" ಅನ್ನುತ್ತಾ ಅಡುಗೆಮನೆಗೆ ಹೋಗಿ ಅತ್ತಳು.

ತರೀಕೆರೆಯಲ್ಲಿ ಯಾರು ಹೋಗಬೇಕು ಎಂದು ತೀರ್ಮಾನವಾಗಿಲ್ಲ. ಆ ವಿಡಿಯೋವನ್ನು ಮೊದಲು ಹಾಕಿದವನು ನಿಮ್ಮೂರಿನವನೇ, ಆಕರ್ಷ್ ಎಂದು ಹೆಸರಂತೆ, ಸ್ಟುಡಿಯೋ ಇದೆಯಂತೆ. ಅಷ್ಟು ತಿಳಿಸಲು ಈ ಕಾಗದ.

ದೀಪಶ್ರೀ


ತರೀಕೆರೆ
೬ ಆಗಸ್ಟ್ ೨೦೨೪

ದೀಪಾ,

ಆಕರ್ಷನ ಸ್ಟುಡಿಯೋಗೆ ಮೂರು ದಿನ ಹೋದೆ. ಮೊದಲ ದಿನ "ಮೇಡಂ, ಎರಡು ಲಕ್ಷ ಜನ ನೋಡಿದ್ದಾರೆ, ತೆಗೆದರೆ ನನ್ನ ಪೇಜೇ ಬಿದ್ದುಹೋಗುತ್ತೆ" ಎಂದ. ಎರಡನೇ ದಿನ, ತಾನು ಅಂಗಡಿಯಲ್ಲಿ ಇಲ್ಲ ಎಂದು ಹುಡುಗನ ಕೈಲಿ ಹೇಳಿಸಿದ. ಮೂರನೇ ದಿನ ಬೆಂಚಿನ ಮೇಲೆ ಕೂತೇ ಇದ್ದೆ. ಗಿರಾಕಿಗಳು ಬಂದು ಹೋಗುತ್ತಿದ್ದರು. ಪಾಸ್‌ಪೋರ್ಟ್ ಫೋಟೋ ತೆಗೆಸಿಕೊಳ್ಳಲು ಬಂದ ಒಂದು ಸಂಸಾರದ ಎದುರಿಗೇ ಹೇಳಿದೆ. "ಅಪ್ಪಾ, ಆ ಚೀಟಿ ಬರೆದವಳು ನಾನು. ನಗುವವರು ನನ್ನನ್ನು ನೋಡಿ ನಗಲಿ. ಬೇಕಾದರೆ ನನ್ನ ವಿಡಿಯೋ ಮಾಡು, ಎಲ್ಲವನ್ನೂ ಹೇಳುತ್ತೇನೆ, ಅದನ್ನು ಹಾಕು. ಆ ಹೆಂಗಸಿನದನ್ನು ತೆಗೆ." ಅವನು ನನ್ನನ್ನೇ ನೋಡಿದ. ಫೋನ್ ತೆಗೆದು ಏನೋ ಒತ್ತಿದ. "ತೆಗೆದಿದ್ದೀನಿ ಮೇಡಂ. ನಿಮ್ಮದು ಬೇಡ" ಎಂದ.

ಎಲ್ಲವೂ ಹೋಗಿರಲಾರದು. ಎಲ್ಲೋ ಯಾರದೋ ಫೋನಿನಲ್ಲಿ ಉಳಿದೇ ಇರುತ್ತದೆ. ಆದರೆ ಈಗ ಹುಡುಕಿದರೆ ಸಿಗುವುದಿಲ್ಲ ಎಂದು ಸುಮನಾ ಹೇಳಿದಳಂತೆ, ಪ್ರಸನ್ನಕುಮಾರ್ ತಿಳಿಸಿದರು.

ನನ್ನ ಹೆಸರು ಹೇಳಿ ಕರಿಯಮ್ಮನವರಿಗೆ ಕಾಗದ ಬರೆದಿದ್ದೇನೆ. ಉತ್ತರ ಬಂದಿಲ್ಲ. ಬರಬೇಕೆಂದೂ ಇಲ್ಲ.

ಶಾರದಾಂಬಾ


ಬೀರೂರು
೨೨ ಸೆಪ್ಟೆಂಬರ್ ೨೦೨೪

ಪ್ರೀತಿಯ ಮೇಡಂ,

ನಿನ್ನೆ ಕರಿಯಮ್ಮನವರ ಮನೆಗೆ ಹೋಗಿದ್ದೆ. ಬನ್ನಿ ಎಂದು ಅವರು ಕರೆದಿರಲಿಲ್ಲ. ಬರುತ್ತೇನೆ ಎಂದು ಸುಮನಾಗೆ ಹೇಳಿಸಿದ್ದೆ, ಬೇಡ ಅಂದಿರಲಿಲ್ಲ.

ದೇವನೂರಿನಲ್ಲಿ ಇಳಿದು ಎರಡು ಮೈಲಿ ನಡೆದೆ. ಅವರು ಕೊಟ್ಟಿಗೆಯಲ್ಲಿದ್ದರು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ವೇದಿಕೆ ಮ್ಯಾಲೆ ಎತ್ರ ಕಾಣ್ತಿದ್ದೆ" ಅಂದರು. ಕಾಲು ಹಿಡಿಯಲು ಬಾಗಿದೆ. "ಏ, ಬ್ಯಾಡ, ಸಗಣಿ ಐತೆ" ಎಂದು ಸರಿದುಕೊಂಡರು. ಕ್ಷಮಿಸಿ ಎಂದೆ. ಅವರು ಹಸುವಿನ ಕೆಚ್ಚಲಿಗೆ ನೀರು ಎರಚಿ ಹಾಲು ಕರೆಯಲು ಕೂತರು.

ಕರೆಯುತ್ತಲೇ ಮಾತಾಡಿದರು. "ಅವನು ಬತ್ತೀನಿ ಅಂದಿರ್ನಿಲ್ಲ ಕಣಮ್ಮ. 'ನೀನ್ ಹೋಗ್, ನಂಗೇನ್ ಕೆಲ್ಸ ಅಲ್ಲಿ' ಅಂದಿದ್ದ. ನಾನು ಹೊಂಟ್ ಮ್ಯಾಲೆ ಮನ್ಸು ತಡೀದೆ ಬಸ್ ಹತ್ತವ್ನೆ. ಅಜ್ಜಂಪುರದ್ ಟಿಕೀಟು ಜೇಬಲ್ಲಿತ್ತು. ನಂಗೆ ಶಾಲ್ ಹೊದ್ಸೋದ್ ನೋಡಾಕ್ ಬತ್ತಿದ್ದ."

ಚೆಂಬಿಗೆ ಬೀಳುವ ಹಾಲಿನ ಸದ್ದು ಕೇಳುತ್ತಾ ನಿಂತೆ.

ಅವರು ಕೈ ನಿಲ್ಲಿಸಿ ಕೇಳಿದರು. "ಅವತ್ತು ಶಾಲ್ ಹೊದ್ಸೋವಾಗ ನನ್ ಬಗ್ಗೆ ಏನೋ ಹೇಳ್ದಲ್ಲ. ಒಳ್ಳೊಳ್ಳೇ ಮಾತು. ಮುಂದಿಂದೆಲ್ಲಾ ನೆಪ್ಪೈತೆ, ಅದೊಂದು ಮರ್ತೋಗೈತೆ. ಇನ್ನೊಂದ್ಸಲ ಹೇಳ್ತೀಯಾ?"

ಮೇಡಂ, ಮನಸ್ಸಿನಲ್ಲಿ ಹುಡುಕಿದೆ. ಇತ್ತು. ಒಂದೊಂದು ಮಾತೂ ಇತ್ತು. ಆ ಕೊಟ್ಟಿಗೆಯಲ್ಲಿ, ಎರಡು ಹಸು ಒಂದು ಕರುವಿನ ಎದುರು, ನನಗಿರುವ ಇಷ್ಟೇ ದನಿಯಲ್ಲಿ ಹೇಳಿದೆ. "ಹದಿನೆಂಟು ವರ್ಷದ ಹಿಂದೆ ಸಾಲದ ಒಂದೇ ಹಸುವಿನಿಂದ ಆರಂಭಿಸಿ, ಮಳೆಯಿರಲಿ ಚಳಿಯಿರಲಿ ಒಂದು ದಿನವೂ ಡೇರಿಗೆ ಹಾಲು ತಪ್ಪಿಸದೆ, ದಿನಕ್ಕೆ ಹನ್ನೆರಡು ಲೀಟರ್ ಹಾಲು ಹಾಕುತ್ತಿರುವ ಶ್ರೀಮತಿ ಕರಿಯಮ್ಮನವರು..."

"ಹನ್ನೆರ್ಡಲ್ಲ" ಎಂದು ತಡೆದರು. "ಹದ್ನಾಲ್ಕು. ಯಾರ್ ಬರ್ಕೊಟ್ರು ನಿಂಗೆ ಅದ್ನ?"

"ಹದ್ನಾಲ್ಕು" ಅಂದೆ.

"ಹಂಗೇ ಹೇಳು ಮತ್ತೆ. ಮೊದ್ಲಿಂದ."

ತಿದ್ದಿಕೊಂಡು, ಮೊದಲಿನಿಂದ ಹೇಳಿದೆ. ಈ ಸಲ ಕೊನೆಯವರೆಗೂ ಕೇಳಿದರು.

ನಿಮ್ಮ
ದೀಪಾ